ಕಿವಿಗೆ ಮೊಟ್ಟೆಯ ಬಿಳಿ

ಬೆಳಗಿನ ಐದೂವರೆಯ ಟ್ರಾಮು. ಬೆರ್ನ್ ಇನ್ನೂ ಕತ್ತಲು,
ಆರೆ ನದಿ ಕೆಳಗೆಲ್ಲೋ ತನ್ನಷ್ಟಕ್ಕೆ ಗೊಣಗುತ್ತಿದೆ.
ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತೇನೆ:
ಟೋಪಿ, ಮುಸುಕು, ಕಾಲಿಗೆ ನೀಲಿ ಚೀಲ.
ಬಾಗಿಲು ತೆರೆದರೆ ಮರದ ಹೊಟ್ಟಿನ ವಾಸನೆ,
ಮುನ್ನೂರು ಜೊತೆ ಮೀಸೆ ಒಮ್ಮೆಲೇ ನನ್ನತ್ತ.

ಹದಿನಾಲ್ಕು ದಿನ, ದಿನಕ್ಕೊಮ್ಮೆ,
ಕಿವಿಗೆ ಮೊದಲು ಮುಲಾಮು,
ಚರ್ಮ ಕೆಂಪಾಗಲೆಂದೇ ಹಚ್ಚುವ ಮುಲಾಮು,
ಆಮೇಲೆ ಮೊಟ್ಟೆಯ ಬಿಳಿ, ಒಂದೇ ಹನಿ.
ಬಲಸಾಲಿನ ಪಂಜರಗಳಿಗೆ ಮೊಟ್ಟೆ,
ಎಡಸಾಲಿಗೆ ಬರೀ ಉಪ್ಪುನೀರು.
ಕಿವಿ ಕಂಡ ವೈರಿಯನ್ನು ಗಂಟಲು ಮರೆಯುವುದಿಲ್ಲ
ಎನ್ನುತ್ತಾರೆ ಡಾಕ್ಟರ್ ಹೂಗೆಂಟೊಬ್ಲರ್.
ಒಳ್ಳೆಯ ಮನುಷ್ಯ, ಇಲಿಗಳೆದುರು ದನಿ ತಗ್ಗಿಸುತ್ತಾರೆ.
ಮೂರನೆಯ ವಾರ ಬಲಸಾಲಿನ ಕುಡಿಯುವ ನೀರಿಗೆ
ಅದೇ ಬಿಳಿ ಬೆರೆಸುತ್ತೇನೆ.

ಇಲಿಗೆ ವಾಂತಿ ಮಾಡಲು ಬಾರದು, ಗೊತ್ತಿತ್ತೆ?
ಒಳಗೆ ಹೋದದ್ದು ಒಳಗೇ.
ನನಗಿದು ತಿಳಿದದ್ದು ಕೆಲಸಕ್ಕೆ ಸೇರಿ ಒಂಬತ್ತು ವರ್ಷದ ಮೇಲೆ,
ಊಟದ ಬಿಡುವಿನಲ್ಲಿ, ಬಾಯಲ್ಲಿ ಚೀಸು ಇದ್ದಾಗ.

ನನ್ನ ಮಗ ಸೆವೆರಿನ್‌ಗೆ ಹತ್ತೊಂಬತ್ತು.
ಒಂದು ತುತ್ತನ್ನು ನಲವತ್ತು ಸಲ ಅಗಿಯುತ್ತಾನೆ,
ತುತ್ತಿಗೊಂದು ಗುಟುಕು ನೀರು.
ಗೆಳೆಯರೆಲ್ಲ ಎದ್ದು ಹೋದ ಮೇಲೂ ತಟ್ಟೆಯ ಮುಂದೆ ಅವನೊಬ್ಬ.
ನಿಧಾನಸ್ಥ ಎಂದುಕೊಂಡಿದ್ದೆ. ಮೊಂಡ ಎಂದು ಬೈದದ್ದೂ ಉಂಟು,
ಹೆತ್ತವಳೇ.
ಆ ಭಾನುವಾರ ಒಣ ಮಾಂಸದ ಚೂರೊಂದು
ಎದೆಯ ನಡುವೆ ನಿಂತಿತು.
ನುಂಗಲಾಗದ ಉಗುಳಲಾಗದ ಬಿಸಿತುಪ್ಪ ಎನ್ನುತ್ತಾರಲ್ಲ,
ಅದು ಮಾತು. ಇದು ಮಾಂಸ.
ಅವನ ಎಂಜಲೇ ಅವನೊಳಗೆ ಇಳಿಯದೆ
ಬಟ್ಟಲಿಗೆ ಸುರಿಯುತ್ತಿತ್ತು, ಆಂಬ್ಯುಲೆನ್ಸಿನವರೆಗೂ.

ಕ್ಯಾಮೆರಾ ಇಳಿಸಿದ ವೈದ್ಯೆ ಪರದೆ ತೋರಿಸಿದಳು:
ಅನ್ನನಾಳದ ಉದ್ದಕ್ಕೂ ಬಳೆ, ಬಳೆಯ ಕೆಳಗೆ ಬಳೆ.
"ಬೆಕ್ಕಿನ ಗಂಟಲು ಹೀಗಿರುತ್ತದೆ," ಎಂದಳು,
"ನಾವು ಹಾಗೇ ಕರೆಯುವುದು."
ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.
ಬೆಕ್ಕು ಮಗನ ಎದೆಯಲ್ಲಿ, ಇಲಿ ನನ್ನ ಅಂಗೈಯಲ್ಲಿ;
ಚೆಲ್ಲಾಟ ಮಾತ್ರ ಎಲ್ಲೂ ಕಾಣೆ.

ಇಪ್ಪತ್ತೆಂಟನೆಯ ದಿನ ಗಾಳಿಯ ಪೆಟ್ಟಿಗೆ.
ಮೊಟ್ಟೆಯವು, ಉಪ್ಪುನೀರಿನವು, ಭೇದವಿಲ್ಲ.
ಎಡಸಾಲಿನ ನಾಲ್ಕುನೂರ ಹದಿನೇಳು,
ಕೆಟ್ಟದ್ದೇನೂ ತಿನ್ನದ್ದು,
ನನ್ನ ಕೈಗವಸು ಮೂಸಿ ಒಳಗೆ ಹೋಯಿತು.
ಅನ್ನನಾಳ ಹೊರಬರುತ್ತದೆ ಬೆಂದ ಶ್ಯಾವಿಗೆಯ ಎಳೆಯಂತೆ.
ಇಷ್ಟು ಸಣ್ಣದರೊಳಗೆ ಇಷ್ಟು ಸಿಟ್ಟೆ?
ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಾರೆ,
ಆ ಬಣ್ಣಕ್ಕೆ ಗ್ರೀಕರ ಉಷೆಯ ಹೆಸರಂತೆ.
ಕಣ್ಣಿಟ್ಟು ನೋಡಿದೆ: ಹೌದು, ಬೆಳಗಾಗುತ್ತಿತ್ತು,
ಕೆಂಪು ಕಾಳುಗಳು ಚೆಲ್ಲಿದ್ದವು ಅಂಗಳದ ತುಂಬ.
ಎಣಿಸುವ ಹುಡುಗಿಯ ತುಟಿ ಅಲುಗುತ್ತಿತ್ತು.
ಮನುಷ್ಯರಿಗೆ ಒಂದು ನೋಟಕ್ಕೆ ಹದಿನೈದಾದರೆ ಕಾಯಿಲೆ.
ಸೆವೆರಿನ್‌ಗೆ ಅರವತ್ತೆರಡು.

"ಇದರಿಂದ ಅವನಿಗೆ ಔಷಧಿ ಬರುತ್ತದೆಯೆ?"
ಹೂಗೆಂಟೊಬ್ಲರ್ ಕನ್ನಡಕ ಒರೆಸಿದರು, ತುಂಬ ಹೊತ್ತು.
"ಇಲಿ ಮನುಷ್ಯನಲ್ಲ, ಫ್ರೌ ಜ್ಬಿಂಡೆನ್.
ಆದರೆ ಮನುಷ್ಯನನ್ನು ಕೇಳಲಾಗದ್ದನ್ನು
ಇಲಿಯನ್ನು ಕೇಳುತ್ತೇವೆ."
ಕೇಳುತ್ತೇವೆ, ಎಂದರು.
ನಾನು ಪಂಜರ ತೊಳೆಯಲು ಹೋದೆ.

ನವೆಂಬರಿನ ನಾಲ್ಕನೆಯ ಸೋಮವಾರ, ಈರುಳ್ಳಿ ಸಂತೆ.
ಊರಿಗೂರೇ ಚಳಿಯಲ್ಲಿ ನಿಂತು
ಬಿಸಿ ಈರುಳ್ಳಿ ಕೇಕು ತಿನ್ನುತ್ತದೆ.
ಮೊಟ್ಟೆ, ಹಾಲು, ಗೋಧಿ, ಮೂರೂ ಅವನಿಗೆ ವರ್ಜ್ಯ.
ಅವನು ಹೆಣೆದ ಈರುಳ್ಳಿಯ ಜಡೆ ಕೊಂಡು
ಕೊರಳಿಗೆ ಹಾಕಿಕೊಂಡು ನಗುತ್ತ ಬಂದ,
ಕೂದಲ ತುಂಬ ಬಣ್ಣದ ಕಾಗದದ ಚೂರು,
ಒಂದು ತುಟಿಯ ಮೇಲೆ.
ತೆಗೆಯಲು ಕೈ ಚಾಚಿದೆ.
ಅರ್ಧ ಹೆಜ್ಜೆ ಹಿಂದೆ ಸರಿದ.
"ಅಮ್ಮ, ಕೈ ತೊಳೆದಿದ್ದೀಯಾ?"
ಕೆಲಸದಲ್ಲಿ ಮೂರು ಸಲ, ಮನೆಯಲ್ಲೊಮ್ಮೆ.
ತೊಳೆದಿದ್ದೇನೆ, ಎಂದೆ.
ಮತ್ತೆ ಹೋಗಿ ತೊಳೆದೆ.